ಕೆಂಪು ಗೆರೆಯ ಹೆಸರುಗಳು

ಮಧ್ಯಾಹ್ನದ ಗಂಟೆ ಹೊಡೆದು ಕಾರಿಡಾರು ಖಾಲಿಯಾದ ಮೇಲೆ ರೆಕಾರ್ಡ್ ರೂಮಿನ ಗುಮಾಸ್ತರು ಕನ್ನಡಕ ಒರೆಸಿಕೊಂಡು ಕರಡಿನ ಹನ್ನೊಂದನೇ ಪುಟವನ್ನು ಮೂರನೇ ಸಲ ಓದಿದರು. ಚರ್ಚಿನವರು ಕಟ್ಟಿದ ಆ ಕಾಲೇಜಿಗೆ ನೂರಿಪ್ಪತ್ತೈದು ತುಂಬುತ್ತಿತ್ತು. ಅದರ ಚರಿತ್ರೆ ಬರೆಯುತ್ತಿದ್ದವರು ಇತಿಹಾಸದ ಮೇಡಂ. ಅಚ್ಚಿಗೆ ಹೋಗುವ ಮುಂಚೆ ಇಸವಿಗಳನ್ನೊಮ್ಮೆ ನೋಡಿಕೊಡಿ ಎಂದು ಬೆಳಿಗ್ಗೆ ಕೊಟ್ಟುಹೋಗಿದ್ದರು. ಇಸವಿಗಳೆಲ್ಲ ಸರಿಯಿದ್ದವು. ಸರಿಯಿಲ್ಲದ್ದು ಒಂದೇ ಸಾಲು: 'ಮೊದಲ ಹತ್ತು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿಯೂ ಓದನ್ನು ನಡುವೆ ಬಿಟ್ಟು ಹೋಗಲಿಲ್ಲ.'

ಆ ಸಾಲಿಗೆ ಆಧಾರ ಗುಮಾಸ್ತರದೇ ಕೈಬರಹ.

ಮೂವತ್ತಾರು ವರ್ಷಗಳ ಹಿಂದೆ ಅವರು ಕೆಲಸಕ್ಕೆ ಸೇರಿದಾಗ ಮೊದಲ ಹತ್ತು ವರ್ಷಗಳ ಹೆಸರಿದ್ದ ಮೊಟ್ಟಮೊದಲ ದಾಖಲಾತಿ ಪುಸ್ತಕಕ್ಕೆ ಗೆದ್ದಲು ಹತ್ತಿತ್ತು. "ಹೊಸದ್ರಲ್ಲಿ ಇಳಿಸಪ್ಪ, ನಿನ್ನ ಅಕ್ಷರ ಚೆನ್ನಾಗಿದೆ" ಎಂದಿದ್ದರು ಅಂದಿನ ಪ್ರಿನ್ಸಿಪಾಲ್ ಫಾದರ್. ಇಳಿಸಿದರು, ಮುತ್ತು ಪೋಣಿಸಿದ ಹಾಗೆ. ಹಳೆಯ ಪಾದ್ರಿಗಳು ಓದು ಬಿಟ್ಟವರ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆಯುತ್ತಿದ್ದರು. ಇಪ್ಪತ್ತನಾಲ್ಕರ ಗುಮಾಸ್ತರು ಅದನ್ನು ತಪ್ಪಾಗಿ ಬರೆದು ಹೊಡೆದುಹಾಕಿದ್ದು ಎಂದುಕೊಂಡರು. ಆ ಹೆಸರುಗಳನ್ನೆಲ್ಲ ಬಿಟ್ಟು, ಕ್ರಮಸಂಖ್ಯೆಯನ್ನೂ ಹೊಸದಾಗಿ ಒಂದರಿಂದ ಕೊಟ್ಟರು. ಗೆರೆಯ ಅರ್ಥ ತಿಳಿದದ್ದು ಎರಡು ವರ್ಷದ ಮೇಲೆ, ಮತ್ತೊಂದು ಪುಸ್ತಕದಲ್ಲಿ ಅಂಥದೇ ಗೆರೆಯ ಪಕ್ಕ 'ಓದು ಬಿಟ್ಟ' ಎಂದಿದ್ದುದನ್ನು ಕಂಡಾಗ. ಆಗಿನ್ನೂ ಕೆಲಸ ಕಾಯಂ ಆಗಿರಲಿಲ್ಲ. ಬಾಯಿ ಬಿಡಲಿಲ್ಲ. ಹಳೆಯದನ್ನು ಎಸೆಯಲೂ ಮನಸ್ಸು ಬಾರದೆ ಬಟ್ಟೆ ಸುತ್ತಿ ಬೀರುವಿನ ಮೇಲಿಟ್ಟರು.

ಈಗ ನಿವೃತ್ತಿಗೆ ಇಪ್ಪತ್ತು ದಿನ. ಸಮಾರಂಭದಲ್ಲಿ ಅವರ ಪ್ರತಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕೆಳಗೆ ಅವರ ಹೆಸರು ಹಾಕುವುದೆಂದು ತೀರ್ಮಾನವಾಗಿತ್ತು.

ಊಟಕ್ಕೆ ಮನೆಗೆ ಹೋದರು. ಕಾಲೇಜಿನ ಹಿಂದುಗಡೆಯೇ ಎರಡು ಕೋಣೆಯ ವಸತಿ.

"ಏನ್ರೀ, ತಟ್ಟೆ ಮುಂದೆ ತಪಸ್ಸಿಗೆ ಕೂತ್ರಾ?" ಎಂದರು ಹೆಂಡತಿ.

ವಿಷಯ ಹೇಳಿದರು.

"ಇಷ್ಟು ವರ್ಷ ಸುಮ್ನಿದ್ರಿ. ಇನ್ನಿಪ್ಪತ್ತು ದಿನ ಸುಮ್ನಿರೋಕಾಗಲ್ವಾ?"

"ಅಚ್ಚಾಗತ್ತಲ್ಲೇ. ಅಚ್ಚಾದ್ಮೇಲೆ ಅದೇ ನಿಜ ಆಗೋಗತ್ತೆ."

"ಹಾಗಿದ್ರೆ ಹೋಗಿ ಹೇಳಿ. ಇಲ್ಲಿ ಕೂತು ನನ್ನ ತಲೆ ತಿನ್ಬೇಡಿ."

ಮೂರು ಗಂಟೆಗೆ ರೆಕಾರ್ಡ್ ರೂಮಿನಲ್ಲಿ ಸ್ಟೂಲು ಹತ್ತಿ ಬೀರುವಿನ ಮೇಲಿನ ಗಂಟನ್ನು ಇಳಿಸಿದರು. ಮಂಡಿ ಹಿಡಿದುಕೊಂಡಿತು. ಸ್ಟಾಫ್ ರೂಮಿನ ಮೇಜಿನ ಮೇಲೆ ಅದನ್ನಿಟ್ಟಾಗ ಧೂಳೆದ್ದು ಮೇಡಂ ಸೀನಿದರು.

"ಏನ್ ರೆಕಾರ್ಡಣ್ಣ, ಈಗ್ಲೇ ಗಂಟುಮೂಟೆ ಕಟ್ಬಿಟ್ರಾ?"

ಗುಮಾಸ್ತರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಮೇಡಂ ನಗು ನಿಲ್ಲಿಸಿ, ಹಾಳೆ ಪುಡಿಯಾಗದಂತೆ ಒಂದೊಂದಾಗಿ ತಿರುವಿದರು. ಕೆಂಪು ಗೆರೆ ನಲವತ್ತೊಂದು ಇದ್ದವು.

"ಅಯ್ಯೋ, ಒಂದನೇ ನಂಬರಿನ ಹೆಸರೇ ಹೊಡೆದಿದೆಯಲ್ರೀ! ಕಾಲೇಜಿನ ಮೊದಲ ವಿದ್ಯಾರ್ಥಿ ಅಂತ ನಾನು ಬೇರೆ ಯಾರನ್ನೋ ಬರೆದು ಕೂತಿದ್ದೀನಿ."

"ಹೌದು ಮೇಡಂ."

"ನಮ್ಮ ಪ್ರಿನ್ಸಿಪಾಲ್ ಫಾದರ್ ಆ ಸಾಲನ್ನ ಸಮಾರಂಭದ ಭಾಷಣಕ್ಕೂ ಹಾಕ್ಕೊಂಡಿದ್ದಾರೆ. ಇಷ್ಟು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ರಿ?"

"ಮೊದಲು ಭಯ ಮೇಡಂ. ಆಮೇಲೆ ಸುಸ್ತು."

ಮೇಡಂ ಹನ್ನೊಂದನೇ ಪುಟದ ಆ ಸಾಲನ್ನು ಹೊಡೆದುಹಾಕಿ, ಪುಸ್ತಕವನ್ನೆತ್ತಿಕೊಂಡು ಈಗಿನ ಪ್ರಿನ್ಸಿಪಾಲರ ಕೋಣೆಗೆ ಹೋದರು. ಗುಮಾಸ್ತರು ಹೊರಗಿನ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತರು. ಆಮೇಲೆ ಅವರನ್ನು ಒಳಗೆ ಕರೆಸಿದ ಫಾದರ್ ದನಿ ಏರಿಸಲಿಲ್ಲ. ಭಾಷಣದ ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿದರು.

"ಪೂರ್ತಿ ಪ್ರತಿ ಬೇಕು. ನೀವಿರುವಾಗಲೇ ಆಗಬೇಕು. ನಿಮ್ಮಷ್ಟು ಆ ಅಕ್ಷರ ಓದೋರು ಇನ್ಯಾರೂ ಇಲ್ಲ."

ಗಾಜಿನ ಪೆಟ್ಟಿಗೆಯಲ್ಲಿ ಗೆದ್ದಲು ತಿಂದ ಪುಸ್ತಕವೇ ಇರುತ್ತದೆ, ಕೆಳಗೆ ಯಾರ ಹೆಸರೂ ಇಲ್ಲದೆ. ಗುಮಾಸ್ತರು ಸ್ಟೋರಿನಿಂದ ಗೆರೆ ಹಾಕಿದ ದಪ್ಪ ಪುಸ್ತಕವೊಂದನ್ನೂ ಎರಡು ಪೆನ್ನುಗಳನ್ನೂ ಸಹಿ ಹಾಕಿ ಪಡೆದರು. ಒಂದು ಕಪ್ಪು, ಒಂದು ಕೆಂಪು. ನಾಳೆ ಬೆಳಿಗ್ಗೆ ಎಂಟಕ್ಕೆ ಒಂದನೇ ಹೆಸರಿನಿಂದ ಶುರು.