ಮಕ್ತಲ್ ಟಾಕೀಸಿನ ಮಾಳಿಗೆ

ಪಾಳುಬಿದ್ದ ಕಟ್ಟಡಗಳನ್ನು ಹುಡುಕಿಕೊಂಡು ತಿರುಗುವವರ ಜೊತೆ ಇದು ನನ್ನ ಮೊದಲ ಸುತ್ತು. ಮಕ್ತಲ್‌ನಲ್ಲಿ ಮುಚ್ಚಿಹೋದ ಟಾಕೀಸಿನ ಎದುರು ಚಹಾ ಕುಡಿಯುತ್ತ ಎಲ್ಲರ ಪರಿಚಯವಾಯಿತು. ಒಳಗೆ ಹೊರಟಾಗ ಚಹಾದಂಗಡಿಯ ಶಾಂತಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು.

"ನಾನೂ ಬರ್ತೀನ್ರಿ. ಪಿಚ್ಚರ್ ಬಿಡೋ ಖೋಲಿ ಒಂದ್ಸಲಾದ್ರೂ ನೋಡಬೇಕು. ಆಗ ಹೆಣ್ಮಕ್ಕಳಿಗೆ ಮ್ಯಾಲ ಬಿಡ್ತಿದ್ದಿಲ್ಲ."

"ಹೊರಗಿನವರು ಬೇಡಮ್ಮ," ಅಂದ, ನಿನ್ನೆಯಷ್ಟೇ ಹೈದರಾಬಾದಿನಿಂದ ಬಂದಿಳಿದಿದ್ದ ನಮ್ಮ ಮುಂದಾಳು. ಹೊಸಬನಾದ ನಾನು ಅವನ ಹಿಂದೆಯೇ ಮೆಟ್ಟಿಲು ಹತ್ತಿದೆ.

ಮೇಲೆ ಪಾರಿವಾಳ, ತುಕ್ಕು ಹಿಡಿದ ಯಂತ್ರ, ಎಲ್ಲದರ ಫೋಟೊ ತೆಗೆದೆವು. ಇಳಿದು ಬಂದಾಗ ಶಾಂತಮ್ಮ ನನ್ನನ್ನೇ ಕೇಳಿದರು, "ಅಲ್ಲಿ ಕಿಟಕಿಯಿಂದ ನನ್ನ ಅಂಗಡಿ ಕಾಣತೈತೇನ್ರಿ?"

ಕಿಟಕಿಯೇನೋ ಇತ್ತು. ನಮ್ಮಲ್ಲಿ ಯಾರೂ ಹೊರಗೆ ನೋಡಿರಲಿಲ್ಲ.