ಹನ್ನೆರಡು ಮಾರು ಹಗ್ಗ

ಹೋದ ವಾರ ಸೋಲಾಪುರದ ಪ್ಯಾಟ್ಯಾಗ ಮಳಿ ಹಿಡೀತು. ಓಡಿ ಹೋಗಿ ಒಂದು ಹಗ್ಗದ ಅಂಗಡಿ ತಗಡಿನ ಕೆಳಗ ನಿಂತ್ನಿ. ಅಂಗಡಿಯಾಂವ ಹೊರಗ ತೂಗಹಾಕಿದ್ದ ಪುಂಡಿ ನಾರಿನ ಹಗ್ಗ ಒಳಗ ಎಳಕೊಳ್ಳೋದ್ರಾಗ ಎಲ್ಲಾ ತೊಯ್ದಿದ್ವು. ಆ ವಾಸನಿ ಬಡೀತು ನೋಡ್ರಿ... ಹಸಿ ನಾರು, ಒಂದೀಟು ಮಣ್ಣು, ಒಂದೀಟು ಎಮ್ಮಿ. ಎಮ್ಮಿ ಅಂಗಡ್ಯಾಗ ಇರ್ಲಿಲ್ಲ. ಅದು ನನ್ನ ತಲ್ಯಾಗಿಂದ ಬಂದಿತ್ತು.

"ಕಾಯ ಪಾಹಿಜೆ?" ಅಂದ ಅಂಗಡಿಯಾಂವ. ಏನ ಬೇಕು ಅಂತ ನನಗೂ ಗೊತ್ತಿರ್ಲಿಲ್ಲ. ಪಕ್ಕದ ಮನಿ ಕಾಕಾ ನೆನಪಾಗಿದ್ದ, ಅಷ್ಟೇ.

ನಂದು ಮರಾಠಿ ಸಾಲಿ. ಕನ್ನಡ ಬರಿಯೋದು ನಮ್ಮವ್ವ ಕಲಿಸಿದ್ದು. ತಪ್ಪಿದ್ರ ಆಕಿಗೆ ಬೈರಿ, ನಾ ಬೈಸ್ಕೊಂಡಿದ್ದು ಈ ಜನ್ಮಕ್ಕ ಸಾಕಾಗ್ಯದ.

ನಮ್ಮೂರು ಚಪಳಗಾಂವದ ಬಾಜೂಕ. ನಮ್ಮ ಮನಿಗೂ ಕಾಕಾನ ಮನಿಗೂ ನಡುವ ಒಂದೇ ಗ್ವಾಡಿ. ರಕ್ತಸಂಬಂಧ ಏನೂ ಇಲ್ಲ, ಆದ್ರ ಆಕಡೆ ಕಾಕಾ ಕೆಮ್ಮಿದ್ರ ಈಕಡೆ ನಮ್ಮವ್ವ ಶುಂಠಿ ಕುಟ್ಟತಿದ್ಲು. ಕಾಕಾನ ಮನ್ಯಾಗ ಮಗ, ಸೊಸಿ, ಮತ್ತ ಎಲ್ಲಾರಕಿಂತ ದೊಡ್ಡಾಕಿ ಅಂದ್ರ ಎಮ್ಮಿ. ಪಂಢರಪುರಿ ಎಮ್ಮಿ. ಕೊಂಬು ಎರಡೂ ಕತ್ತಿ ಹಂಗ ಬೆನ್ನ ಮ್ಯಾಲಿಂದ ಹಿಂದಕ ಹೋಗಿದ್ವು. ಬಾಗಿಲದಾಗ ಬರಬೇಕಾದ್ರ ತಲಿ ಓರೆ ಮಾಡಿ ಮೊದ್ಲ ಒಂದು ಕೊಂಬು, ಆಮ್ಯಾಲ ಇನ್ನೊಂದು... ಮದುವಿ ಮನಿಯೊಳಗ ಪಲ್ಲಂಗ ಒಯ್ದಂಗ. ಚೌಕಟ್ಟಿನ ಕಟಗಿ ಒಂದ ಕಡೆ ತಿಕ್ಕಿ ತಿಕ್ಕಿ ತಗ್ಗು ಬಿದ್ದಿತ್ತು. ಕಾಕಾನ ಮನಿ ಚಹಾ, ಮೊಸರು, ಸೊಸಿಯ ಕೈಯಾಗಿನ ನಾಕ ರೂಪಾಯಿ, ಎಲ್ಲಾ ಅಕಿದೇ.

ಕಾಕಾ ಮುಂಜಾನಿ ಎದ್ದು ಹಲ್ಲು ತಿಕ್ಕೋಕಿಂತ ಮೊದ್ಲ ಹೊಲಕ್ಕ ಹೋಗಿ ಬಾವ್ಯಾಗ ಹಗ್ಗ ಬಿಡತಿದ್ದ. ಹನ್ನೆರಡು ಮಾರು ಪುಂಡಿ ಹಗ್ಗ, ತುದಿಗೆ ಒಂದು ಕಲ್ಲು, ಮಾರಿಗೊಂದು ಗಂಟು. ಮ್ಯಾಲ ಎಳದು ಒಣಾ ಗಂಟು ಎಣಸ್ತಿದ್ದ. ಒಣಾ ಗಂಟು ಎಷ್ಟೋ, ನೀರು ಅಷ್ಟು ಕೆಳಗ. ಬಾವಿಗೆ ಅಳಿಯಾ ಅಂತ ಕರೀತಿದ್ದ. "ಇವತ್ತ ಅಳಿಯಾ ಸಿಟ್ಟಾಗ್ಯಾನ, ಐದಕ್ಕ ಹೋಗ್ಯಾನ" ಅಂತ ಬಂದು ಹೇಳ್ತಿದ್ದ. ಎಮ್ಮಿಗೆ ಹೇಳ್ತಿದ್ದನೋ ನಮಗ ಹೇಳ್ತಿದ್ದನೋ...

ಆಗ ನಮ್ಮೂರಿಗೆ ನೀರಿನ ಕೆಲಸದ ಸಂಸ್ಥಾದವ್ರು ಬಂದ್ರು. ಮಳಿ ಮುಗಿಯೋ ಹೊತ್ತಿಗೆ ಊರಿನ ಇಪ್ಪತ್ತು ಬಾವಿ ಅಳೀಬೇಕು, ಊರಾಗ ಎಷ್ಟು ನೀರದ ನೋಡಬೇಕು, ಆಮ್ಯಾಲ ಎಲ್ಲಾರೂ ಕೂತು ಏನು ಬಿತ್ತೋದು ಅಂತ ಠರಾಯಿಸಬೇಕು. ಛಲೋ ವಿಚಾರ. ತಪ್ಪಾಗಿದ್ದು ಒಂದೇ, ಅಳಿಯೋ ಕೆಲಸಕ್ಕ ನನ್ನ ಹಚ್ಚಿದ್ರು. ನನಗ ಒಂದು ಟೋಪಿಗಿ, ಒಂದು ರಜಿಸ್ಟರ್, ಒಂದು ಉದ್ದನ ಟೇಪು ಕೊಟ್ರು. ಮೊದಲನೇ ದಿನ, ಮೊದಲನೇ ಬಾವಿ, ಟೇಪು ಕೈ ಜಾರಿ ಒಳಗ ಹೋತು. ಆ ಬಾವಿ ಆಳ ಎಷ್ಟು ಅಂತ ಆ ಟೇಪಿಗೆ ಗೊತ್ತು, ಹೇಳಾಕ ಅದು ಮ್ಯಾಲ ಬರ್ಲಿಲ್ಲ.

ಕಾಕಾ ಹೊಟ್ಟಿ ಹಿಡ್ಕೊಂಡು ನಕ್ಕ. "ಸಾಹೇಬ್ರ, ನಾಳಿಗೆ ರಜಿಸ್ಟರೂ ಬಿಡ್ತೀರೇನ್ರಿ?" ಅಂದ. ಆಮ್ಯಾಲ ಕರಕೊಂಡು ಹೋಗಿ ಬಾವಿ ದಂಡಿಮ್ಯಾಲ ಕೂಡಿಸ್ಕೊಂಡ.

"ಲೇ, ಮೋಟರ್ ಬಂದ್ ಇದ್ದಾಗ ಬಾವಿ ಮಲಗಿರ್ತದ. ಮಲಗಿದ ಬಾವಿ ತುಂಬಿ ಕಾಣ್ತದ, ನಂಬಬ್ಯಾಡ. ಸುತ್ತ ನಾಕ ಮೋಟರ್ ನಡೀಲಿ, ಎಂಟು ದಿವ್ಸ ನೋಡು, ಆಮ್ಯಾಲ ಬರಿ."

ನಾ "ಹೂಂರಿ" ಅಂದ್ನಿ. ಹೂಂ ಅನ್ನೋದ್ರಾಗ ನನ್ನ ಮೀರಿಸಾವ್ರು ತಾಲೂಕಿನಾಗ ಯಾರೂ ಇರ್ಲಿಲ್ಲ.

ಸಂಸ್ಥಾದವ್ರು ಇನ್ನೊಂದು ಟೇಪು ಕೊಟ್ರು. ನವರಾತ್ರಿ ಎದುರಿಗೆ ಬಂದಿತ್ತು, ನಾ ಒಂದೂ ಬಾವಿ ಅಳದಿರ್ಲಿಲ್ಲ. ಅಷ್ಟ್ರಾಗ ಊರ ಡಿಪಿ ಸುಟ್ಟು ಹೋತು. ಎಂಟು ದಿವ್ಸ ಕರೆಂಟಿಲ್ಲ, ಒಂದೂ ಮೋಟರ್ ನಡೀಲಿಲ್ಲ. ಮಂದಿ ಆಫೀಸಿಗೆ ಅಡ್ಡಾಡಾಕತ್ತಿದ್ರು. ನನಗ ಮಾತ್ರ ಹಬ್ಬ. ಬಾವಿ ಎಲ್ಲಾ ಮ್ಯಾಲ ಬಂದು ಕೂತಿದ್ವು, ಬಗ್ಗೋ ತ್ರಾಸೂ ಇಲ್ಲ. ಎರಡೇ ದಿವಸದಾಗ ಇಪ್ಪತ್ತೂ ಅಳದು ಬರದ್ನಿ. ಕಾಕಾನ ಬಾವಿಗೆ ಎರಡು ಮಾರು ಅಂತ ಬರದ್ನಿ. ಕಾಕಾ ಹೇಳಿದ್ದು ನೆನಪಾಗ್ಲಿಲ್ಲೇನು? ಆಗಿತ್ತು. ಚಹಾದ ಅಂಗಡಿ ತನಕ ನೆನಪಿತ್ತು, ಆಮ್ಯಾಲ ಭಜಿ ಬಂತು.

ಡಿಪಿ ರಿಪೇರಿ ಆಗಿ ನಾಕು ದಿವಸಕ್ಕ ಗುಡಿ ಕಟ್ಟಿ ಮ್ಯಾಲ ಮೀಟಿಂಗ್. ನಾ ಟೋಪಿಗಿ ಹಾಕ್ಕೊಂಡು, ಕೆಮ್ಮಿ, ಓದಿದ್ನಿ. ಊರ ತುಂಬ ನೀರು! ಮಂದಿ ಮಾರಿ ಅರಳಿದ್ವು. ಹಂಗಾರ ಈ ಸಲ ಜ್ವಾಳ ಬ್ಯಾಡ, ಉಳ್ಳಾಗಡ್ಡಿ ಹಚ್ಚೋಣು, ಗೋಧಿ ಹಾಕೋಣು ಅಂತ ಮಾತು ಎದ್ವು.

ಕಾಕಾ ಹಿಂದಿನಿಂದ ಎದ್ದ. ಹೆಗಲ ಮ್ಯಾಲ ಅದೇ ಹಸಿ ಹಗ್ಗ. "ನಿಂದ್ರಿ ಒಂದೀಟ. ಇವತ್ತ ಮುಂಜಾನಿ ನನ್ನ ಹಗ್ಗ ಆರು ಗಂಟು ಒಣಾ ತೋರಿಸ್ಯದ. ಇವ್ನ ರಜಿಸ್ಟರ್ ಎರಡು ಅಂತದ. ಯಾಕಂದ್ರ..."

ಯಾಕಂದ್ರ ಅನ್ನೋದು ನನಗ ಗೊತ್ತಿತ್ತು. ಇಡೀ ಊರ ಮುಂದ ಟೋಪಿಗಿ ಹೋಗೋದಿತ್ತು. ಬಾಯಿ ತನ್ನಷ್ಟಕ್ಕ ತೆರೀತು.

"ಕಾಕಾ, ನಿಮ್ಮ ಹಗ್ಗಕ್ಕ ವಯಸ್ಸಾಗ್ಯದ್ರಿ! ನೀರಾಗ ಮುಳಗಿ ಮುಳಗಿ ಗಿಡ್ಡ ಆಗ್ಯದ. ನೀವ ನೋಡ್ರಿ, ಮೊದಲಿನಷ್ಟ ಎತ್ತರ ಇದ್ದೀರೇನು?"

ಊರು ಬಿದ್ದು ಬಿದ್ದು ನಕ್ತು. ಒಬ್ಬಾಂವ ಶಿಳ್ಳಿ ಹೊಡದ. ಕಾಕಾನೂ ನಕ್ಕ. ಹಗ್ಗ ಒಮ್ಮಿ ಮ್ಯಾಲ ಕೆಳಗ ನೋಡ್ದ, ಕೂತಬಿಟ್ಟ. ನನ್ನ ಜನ್ಮದಾಗ ಅಷ್ಟು ಛಲೋ ಜೋಕ್ ಮತ್ತೊಂದು ಆಗಿಲ್ಲ.

ಆ ಸಲ ಊರಾಗ ಜ್ವಾಳ ಬಿತ್ತಿದವ್ರು ಬೆರಳಿನಷ್ಟು. ಕಾಕಾ ತನ್ನ ಎರಡು ಎಕರೆದಾಗ ಬಿತ್ತಿದ. ಆದ್ರ ಎಮ್ಮಿಗೆ ಅಷ್ಟ ಸಾಲ್ತಿರ್ಲಿಲ್ಲ, ಪ್ರತಿ ವರ್ಷ ಅಕ್ಕಪಕ್ಕದ ಹೊಲದ ಜ್ವಾಳದ ಕಣಕಿ ಮೇವಿಗೆ ತರ್ತಿದ್ದ. ಈ ಸಲ ಕಣಕಿ ಎಲ್ಲೆದ? ಸಂಕ್ರಾಂತಿ ದಾಟೋದ್ರಾಗ ಉಳ್ಳಾಗಡ್ಡಿ ಮೋಟರ್ ಬಾವಿ ಎಲ್ಲಾ ಬಳದು ಇಟ್ವು. ಶಿವರಾತ್ರಿಗೆ ಅಳಿಯಾ ಪೂರ್ತಿ ಸಿಟ್ಟಾದ, ಹನ್ನೆರಡನೇ ಗಂಟೂ ಒಣಾ ಬಂತು. ಟ್ಯಾಂಕರ್ ಬಂತು, ಮಂದಿಗೆ. ಎಮ್ಮಿ ಹೆಸರು ಯಾದಿಯೊಳಗ ಇರ್ಲಿಲ್ಲ. ಸೊಸಿ ತಮ್ಮ ಪಾಲಿನ ಕೊಡದಾಗಿಂದ ಅರ್ಧ ಅಕಿಗೆ ಕುಡಿಸ್ತಿದ್ಲು. ಅಕಿ ಕುಡದು ಕೊಡ ನೆಕ್ಕೋ ಸಪ್ಪಳ ಗ್ವಾಡಿ ಈಕಡೆ ಕೇಳ್ತಿತ್ತು...

ಒಂದಿನ ಮುಂಜಾನಿ ಕಾಕಾ ಕರದ. "ಬಾರೋ, ಕೊಂಬು ಹಿಡಿಯಾಕ ಒಬ್ಬಾಂವ ಬೇಕು. ದುಧನಿ ದನದ ಬಾಜಾರಕ್ಕ ಹೋಗೋದದ."

ಅಕಿ ಬಾಗಿಲದಾಗ ತಲಿ ಓರೆ ಮಾಡಿ ಒಂದು ಕೊಂಬು ಹೊರಗ ಹಾಕಿದ್ಲು, ಇನ್ನೊಂದು ಹಾಕಾಕ ಶಕ್ತಿ ಇಲ್ದ ಹಂಗ ನಿಂತ್ಲು. ಮಗ, ಸೊಸಿ, ನಾನು ಕೂಡಿ ಹೊರಗ ತಂದ್ವಿ. ಟೆಂಪೋದಾಗ ಕಾಕಾ ಅಕಿ ಕಡೆ, ನಾ ಕಾಕಾನ ಕಡೆ. ನಾ ಖರೇ ಹೇಳಬೇಕಂತ ಮೂರು ಸಲ ಬಾಯಿ ತೆಗೆದ್ನಿ, ಮೂರೂ ಸಲ ಏನೋ ಚಾಷ್ಟಿ ಮಾತು ಬಂತು. ಕಾಕಾ ನಗಲಿಲ್ಲ.

"ಆಗ ಡಿಪಿ ಸುಟ್ಟಿತ್ತಲ್ಲೋ" ಅಂದ, ಹೊರಗ ನೋಡಕೋತ.

"ಗೊತ್ತಿತ್ತೇನ್ರಿ ಕಾಕಾ? ಮತ್ತ ಅವತ್ತ ಯಾಕ ಹೇಳ್ಲಿಲ್ರಿ?"

"ನೀ ಎಲ್ಲಾರನ್ನ ನಗಿಸಿದಿ. ನಾನೂ ನಕ್ಕೆ. ನಕ್ಕ ಮ್ಯಾಲ ಎದ್ದು ಹೇಳಾಕ ಬರ್ತದೇನಪಾ?"

ಅಷ್ಟೇ ಅಂದ. ಬೈದಿದ್ರ ಏನರ ಮಾಡಬಹುದಿತ್ತು. ಬೈಸ್ಕೊಳ್ಳೋದು ನನಗ ರೂಢಿ ಇತ್ತು.

ಅದಾಗಿ ಎರಡು ವರ್ಷಕ್ಕ ಕಾಕಾ ಹೋದ. ಎಮ್ಮಿ ಮತ್ತ ಕಟ್ಟಲೇ ಇಲ್ಲ. ದಿನಕರ್ಮ ಎಲ್ಲಾ ಮುಗದ ಮ್ಯಾಲ ಸೊಸಿ ನನ್ನ ಕರದು, "ತಗೋರಿ, ನಿಮಗ ಇದರ ಮ್ಯಾಲ ಭಾಳ ಜೀವ ಇತ್ತಲ್ಲ" ಅಂತ ಹಗ್ಗ ಕೈಯಾಗ ಇಟ್ಲು. ಆಕಿ ಖರೇನೇ ಅಂದ್ಲೋ, ಚುಚ್ಚಿದ್ಲೋ... ಇವತ್ತಿನ ತನಕ ತಿಳದಿಲ್ಲ.

ಮನಿಗೆ ಬಂದು ಅಂಗಳದಾಗ ಹಗ್ಗ ಹಾಸಿ, ಸಂಸ್ಥಾದ ಟೇಪು ಹಿಡದು ಅಳದ್ನಿ. ಗಂಟಿಗೆ ಗಂಟು. ಹನ್ನೆರಡೂ ಸರಿ ಇದ್ವು. ಒಂದು ಬೆರಳಷ್ಟೂ ಗಿಡ್ಡ ಆಗಿರ್ಲಿಲ್ಲ.

ನನ್ನ ಜೀವನದಾಗ ನಾ ಸರಿಯಾಗಿ ಅಳದಿದ್ದು ಅದೊಂದೇ.

ಈಗ ನಾ ವಳಸಂಗ ಮ್ಯಾಲಿಂದ ದಿನಾ ಗಾಡಿ ಮ್ಯಾಲ ಸೋಲಾಪುರಕ್ಕ ಬರ್ತೀನಿ. ಏನ ಕೆಲಸ ಅಂದ್ರ, ಸುಟ್ಟ ಬೋರ್ ಮೋಟರಿಗೆ ತಂತಿ ಸುತ್ತೋದು. ನಗಬ್ಯಾಡ್ರಿ. ನಾ ಸುತ್ತಿಕೊಟ್ಟ ಮೋಟರ್ ಎಲ್ಲಾ ಛಲೋ ನಡೀತಾವ, ಅದೇ ತ್ರಾಸು. ಕಾಕಾನ ಮಗ ಕ್ರೇನ್ ತರಿಸಿ ಬಾವಿ ಇನ್ನೂ ನಾಕು ಮಾರು ಇಳಿಸ್ಯಾನ. ಮುಂಜಾನಿ ಹೊರಡೋಕಿಂತ ಮೊದ್ಲ ನಾ ಹೋಗಿ ಆ ಹಗ್ಗ ಬಿಟ್ಟು ನೋಡ್ತೀನಿ. ಯಾರೂ ಹೇಳಿಲ್ಲ, ಯಾರೂ ಕೇಳಂಗಿಲ್ಲ.

"ಅರೇ, ಕಾಯ ಪಾಹಿಜೆ?" ಅಂಗಡಿಯಾಂವ ಮತ್ತ ಕೇಳಿದ. ಮಳಿ ನಿಂತಿತ್ತು.

"ಪುಂಡಿ ಹಗ್ಗ ಕೊಡ್ರಿ. ಹದಿನಾರು ಮಾರು."

"ಇಷ್ಟ ಉದ್ದ ಯಾಕ?"

ಏನರ ಚಾಷ್ಟಿ ಮಾತು ಹೇಳಬೇಕು ಅಂತ ಬಾಯಿ ತೆಗೆದ್ನಿ. ಬರ್ಲಿಲ್ಲ. ಮನ್ಯಾಗ ಕಾಕಾನ ಹಗ್ಗ ಅದ, ಆದ್ರ ಈ ಬ್ಯಾಸಿಗಿಯಿಂದ ಪೂರಾ ಹನ್ನೆರಡು ಮಾರು ಬಿಟ್ಟರೂ ಕಲ್ಲು ಒಣಾನೇ ಮ್ಯಾಲ ಬರಾಕತ್ತದ.

ಈಗ ಗಿಡ್ಡ ಆಗ್ಯದರಿ ಕಾಕಾ... ಈಗ ಖರೇನೇ ಗಿಡ್ಡ ಆಗ್ಯದ.