ಆಯಿ ತುಂಬಿದ ಹಲ್ಲು

ಆಗೆಲ್ಲಾ ಬ್ಯಾಸಗಿ ಸೂಟಿ ಅಂದ್ರ ನನಗ ಇಳಕಲ್ಲನ ನೋಡ್ರಿ. ಬಾಗಲಕೋಟಿಯಾಗ ಸಾಲಿ ಮುಗಿದ ಮರುದಿನಾನ ಅವ್ವ ನನ್ನ ಆಯಿ ಮನಿಗೆ ತಂದು ಬಿಡ್ತಿದ್ಲು. ಆಯಿ ಅಂದ್ರ ಅವ್ವನ ಅವ್ವ. ಓಣಿ ತುಂಬ ಮಗ್ಗದ ಸಪ್ಪಳ, ಮನಿ ತುಂಬ ಹುರದ ಶೇಂಗಾದ ವಾಸನಿ. ಡಬ್ಬ್ಯಾಗ ಮಾಮಾ ಅಮೀನಗಡದಿಂದ ತಂದ ಬೆಲ್ಲದ ಕರದಂಟು. ನಾ ಕುಂಟಾಬಿಲ್ಲಿ ಆಡ್ಕೋತನ ಒಂದ ತುಣುಕು ದವಡ್ಯಾಗ ಇಟ್ಕೊಂಡು ಚೀಪ್ತಿದ್ದೆ. ನುಂಗಿದ್ರ ಮುಗೀತೈತಲ್ಲ, ಅದಕ್ಕ.

ಎರಡನೇತ್ತಾ ಪಾಸಾದ ವರ್ಷ ಕೆಳಗಿನ ದವಡಿ ಹಲ್ಲು ನೋಯಾಕ ಹತ್ತಿತು. ಆಯಿ ಬಾಗಲ ಬೆಳಕಿಗೆ ಕುಂದ್ರಿಸಿ ನೋಡಿದ್ಲು. ಕರ್ರಗ ಒಂದು ತೂತು.

"ಹಾಲಹಲ್ಲ ಐತಿ ಬಿಡವಾ. ಬಿದ್ದು ಹೊಸಾದು ಬರ್ತೈತಿ. ಅಲ್ಲೀತನಾ ನಾ ಆರೈಕಿ ಮಾಡ್ತೇನಿ."

ಆರೈಕಿ ಅಂದ್ರ ಲವಂಗ ಕುಟ್ಟಿ ತೂತಿಗೆ ತುಂಬೋದು. ಮೊದಲನೇ ದಿನ ಖಾರಕ್ಕ ಉಗುಳಿಬಿಟ್ಟೆ. ಮರುದಿನದಿಂದ ಆಯಿ ಆ ಪುಡಿಗೆ ಬೆಲ್ಲ ಕಲಸಿ ಸಣ್ಣ ಗುಳಿಗಿ ಮಾಡಿದ್ಲು. ಊಟ ಆದ ಮ್ಯಾಲ ಅದನ್ನ ಒತ್ತಿ ತುಂಬಿ, "ಬಾಯಿ ತೊಳೀಬ್ಯಾಡ, ಔಷಧ ಹೋಗ್ತೈತಿ" ಅಂತ ಮಲಗಿಸ್ತಿದ್ಲು. ನಾನೂ ಖುಷಿಲೆ ಬಾಯಿ ತೆಗೀತಿದ್ದೆ.

ಬರಬರತಾ ನೀರು ತಾಗಿದ್ರೂ ಜುಂ ಅನ್ನಾಕ ಹತ್ತಿತು. ಮಾಮಾ ಹಲ್ಲಿನ ದವಾಖಾನಿಗೆ ಕರಕೊಂಡು ಹೊಂಟ. "ಕೀಳಿಸಿಬಿಡೂಣು, ಹಾಲಹಲ್ಲಿಗೆ ಏನ್ ಚಿಂತಿ" ಅಂತ ಆಯೀನೂ ಬಂದ್ಲು.

ಡಾಕ್ಟರಬಾಯಿ ಸಣ್ಣ ವಯಸ್ಸಿನಾಕಿ. ನೋಡಿ ಅಂದ್ಲು: "ಆಯಿ, ಇದು ಹಾಲಹಲ್ಲ ಅಲ್ರಿ. ಆರು ವರ್ಷದ ಸುಮಾರು, ಹಾಲಹಲ್ಲಿನ ಹಿಂದ ತಾನ ಬರ್ತೈತಿ. ಯಾವ ಹಲ್ಲೂ ಬೀಳದ ಬರ್ತೈತಲ್ಲ, ಯಾರಿಗೂ ಗೊತ್ತಾಗೂದಿಲ್ಲ. ಕಿತ್ತಿದ್ರ ಮತ್ತ ಬರೂದಿಲ್ಲ. ಇದರಾಗ ಏನ ತುಂಬ್ತಿದ್ರಿ?"

ಆಯಿ ಹೇಳಿದ್ಲು.

"ಲವಂಗಕ್ಕ ನೋವು ತಗ್ಗತೈತ್ರಿ. ಬೆಲ್ಲ ಮಾತ್ರ ಹುಳುಕಿಗೆ ಊಟಕ್ಕ ಬಡಿಸಿದಂಗ ಆತು."

"ಹಂಗಾರ ನಾನ ಕೆಡಿಸಿದ್ನೇನ್ರಿ?" ಆಯಿ ದನಿ ಸಣ್ಣದಾತು.

"ಹುಳುಕು ಮೊದಲ ಇತ್ತಲ್ರಿ. ಇನ್ನೂ ನರಕ್ಕ ಮುಟ್ಟಿಲ್ಲ. ಉಳಸೂಣು, ಕುಂದರ್ರಿ."

ಮಷೀನು ಗುರ್ರ್ ಅನ್ನೂತನಾ ಆಯಿ ನನ್ನ ಕಾಲಬೆರಳು ಹಿಡಕೊಂಡು ಬನಶಂಕ್ರಿಗೆ ಬೇಡ್ಕೋತಿದ್ಲು. ಡಾಕ್ಟರಬಾಯಿ ಹುಳುಕೆಲ್ಲಾ ಕೆರದು, ಬಿಳೇದೇನೋ ತುಂಬಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದ್ಲು. ಸಿಹಿ ತಿಂದ್ರ ಊಟದ ಕೂಡ ತಿನ್ನು, ದಿನಪೂರ್ತಿ ಚೀಪಬ್ಯಾಡ. ಮಲಗೂ ಮುಂದ ಬ್ರಷ್ ಮಾಡಿದ ಮ್ಯಾಲ ಬರೇ ನೀರು ಅಂದ್ಲು.

ನಾಕು ದಿನ ಬಿಟ್ಟು ಆಯಿ ಒಂದು ಖಡಕ್ ಸಜ್ಜಿ ರೊಟ್ಟಿ ಮುರಿದು ನನ್ನ ಕೈಯಾಗ ಕೊಟ್ಲು. ತನಗ ಹಲ್ಲ ಇರಲಿಲ್ಲ, ಹಾಲಾಗ ನೆನಸಿ ತಿನ್ನಾಕಿ.

"ಆ ಹಲ್ಲಿಲೆನ ಕಡಿ."

ಕಟಂ ಅಂತು.

"ನೋವಾತೇನು?"

"ಇಲ್ಲಾಯಿ."

"ಇನ್ನೊಮ್ಮಿ ಕಡಿ."

ಆವತ್ತಿಂದ ಪ್ರತಿ ಸೂಟ್ಯಾಗೂ ಹಿಂಗನ. ಬಸ್ ಇಳದು ಹೋದ ಕೂಡ್ಲೆ ಕೈಯಾಗ ರೊಟ್ಟಿ. ತನ್ನ ಕಣ್ಣು ಮಂಜಾದ ಮ್ಯಾಲ ಕಿವೀನ ನನ್ನ ಬಾಯಿ ಹತ್ರ ತರ್ತಿದ್ಲು.

ನಾ ಹಲ್ಲಿನ ಡಾಕ್ಟರ್ ಏನಲ್ಲ, ಆದ್ರ ಹಲ್ಲಿನ ಬಗ್ಗೆ ಸಿಕ್ಕಿದ್ದೆಲ್ಲಾ ಓದ್ತೇನಿ. ಓಣ್ಯಾಗಿನ ಅವ್ವಗೋಳಿಗೆಲ್ಲಾ ಬೆನ್ನು ಹತ್ತಿ ಹೇಳ್ತೇನಿ, ಕೂಸಿಗೆ ಆರು ತುಂಬಿದ ಕೂಡ್ಲೆ ಹಿಂದಿನ ದವಡಿ ನೋಡ್ರಿ ಅಂತ. ನನ್ನ ಹಲ್ಲು ಇನ್ನೂ ಗಟ್ಟಿ ಐತಿ. ಆಯಿ ಹೋಗಿ ಎರಡು ವರ್ಷ ಆತು. ಖಡಕ್ ರೊಟ್ಟಿ ತಿನ್ನೂ ಮುಂದ ಸಪ್ಪಳ ಹಂಗ ಬರ್ತೈತಿ. ಇನ್ನೊಮ್ಮಿ ಕಡಿ ಅನ್ನೋರು ಯಾರೂ ಇಲ್ಲ.